ಮೊಗ್ಗಿನ ಜಡೆ ಹಾಕಿದ್ದರಿಂದ ಮಗ ಹೀಗಾದನಾ?

ಪ್ರಶ್ನೆ: ನನಗೆ ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಮಗನಿಗೆ ಈಗ 8 ವರ್ಷ. ಚಿಕ್ಕಂದಿನಿಂದಲೂ ಅವನಿಗೆ ಅಕ್ಕಂದಿರ ಜೊತೆ ಅಡುಗೆ ಆಟ, ಗೊಂಬೆ ಆಟವೇ ಇಷ್ಟ. ದುಪ್ಪಟ್ಟಾ ತಲೆಗೆ ಕಟ್ಟಿಕೊಂಡು, ಇದೇ ನನ್ನ ಜಡೆ ಅಂತ ಕುಣಿಯುತ್ತಾನೆ. ಕ್ರಿಕೆಟ್‌ಗೆ ಕಳಿಸಿದರೆ ಅಳುತ್ತಾ ವಾಪಸ್ ಬರುತ್ತಾನೆ. ಕ್ಲಾಸಿನ ಹುಡುಗರು ರೇಗಿಸುತ್ತಾರೆ. ಎರಡು ವರ್ಷದವನಿದ್ದಾಗ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸಿದ್ದೆ. ಹೀಗಾಗಿದ್ದು ಅದಕ್ಕೇ ಅಂತಾರೆ ನಮ್ಮ ಅತ್ತೆ. ನಾದಿನಿಯ ಗಂಡ ಹಾರ್ಮೋನ್ ಟೆಸ್ಟ್ ಮಾಡಿಸಿ ಅಂತಾರೆ. ನಮ್ಮ ಯಜಮಾನರು ಹುಡುಗರ ಹಾಸ್ಟೆಲ್‌ಗೆ ಸೇರಿಸಿದರೆ ಸರಿಹೋಗ್ತಾನೆ ಅಂತಾರೆ. ಇದು ಹುಟ್ಟಿನಿಂದಲೇ ಬಂದಿದ್ದಾ, ಇಲ್ಲಾ ನಾನು ಬೆಳೆಸಿದ್ದರಲ್ಲೇ ತಪ್ಪಾಯ್ತಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಫೋಟೋ ವಿಷಯ ಮೊದಲು ಮುಗಿಸಿಬಿಡೋಣ. ಗಂಡುಮಗುವಿಗೆ ಲಂಗ ಉಡಿಸಿ, ಜಡೆ ಹಾಕಿ, ಸ್ಟುಡಿಯೋದಲ್ಲಿ ಕೂರಿಸಿ ಫೋಟೋ ತೆಗೆಸುವುದು ನಮ್ಮ ಕಡೆ ಎಷ್ಟು ಮನೆಗಳಲ್ಲಿ ನಡೆದಿಲ್ಲ ಹೇಳಿ! ಅದರಿಂದಲೇ ಸ್ವಭಾವ ಬದಲಾಗುವಂತಿದ್ದರೆ ಕರ್ನಾಟಕದ ಅರ್ಧ ಗಂಡಸರು ಇವತ್ತು ನಿಮ್ಮ ಮಗನ ಥರವೇ ಇರಬೇಕಿತ್ತು. ನಿಮ್ಮ ಯಜಮಾನರದ್ದೂ ಅಂಥದೊಂದು ಫೋಟೋ ಇದೆಯಾ ಅಂತ ಅತ್ತೆಯವರನ್ನೇ ಕೇಳಿ ನೋಡಿ. ಅಮೆರಿಕದಲ್ಲೂ ಒಂದು ಕಾಲದಲ್ಲಿ ಚಿಕ್ಕ ಗಂಡುಮಕ್ಕಳಿಗೆ ಫ್ರಾಕೇ ಉಡುಪು. ಆಮೇಲೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1884ರ ಒಂದು ಫೋಟೋದಲ್ಲಿ ಉದ್ದ ಕೂದಲು ಬಿಟ್ಟು, ಬಿಳಿ ಫ್ರಾಕ್ ತೊಟ್ಟು ಕೂತಿದ್ದಾರೆ. ಆಗ ಅದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಹುಟ್ಟಾ, ಬೆಳೆಸಿದ್ದಾ? ಎರಡೂ ಸ್ವಲ್ಪ ಸ್ವಲ್ಪ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದರಿಂದ ನಿಮಗೇನೂ ತಿಳಿದಂತಾಗುವುದಿಲ್ಲ. ಯಾವುದು ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ, ಆ ಬಗ್ಗೆ ನಮಗೆ ಸಾಕಷ್ಟು ಗೊತ್ತಿದೆ.

ಹುಟ್ಟಿನ ಪಾತ್ರದ ಬಗ್ಗೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ಒಂದು ಕಾಯಿಲೆಯಿಂದ. ಅದರ ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ, ಚಿಕ್ಕದಾಗಿ ಸಿಎಎಚ್. ಸುಮಾರು 15,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರಿಂದಾಗಿ, ಹುಟ್ಟುವ ಮೊದಲೇ ಮಗುವಿನ ಮೈಯಲ್ಲಿ ಗಂಡು ಹಾರ್ಮೋನು ಜಾಸ್ತಿಯಾಗುತ್ತದೆ. ಈ ಕಾಯಿಲೆ ಇರುವ ಹೆಣ್ಣುಮಕ್ಕಳಿಗೆ ಹುಟ್ಟಿದ ಮೇಲೆ ಚಿಕಿತ್ಸೆ ಕೊಟ್ಟು ಹಾರ್ಮೋನು ಹದಕ್ಕೆ ತರುತ್ತಾರೆ, ಹುಡುಗಿಯರಾಗಿಯೇ ಬೆಳೆಸುತ್ತಾರೆ. ಶೆರಿ ಬೆರೆನ್‌ಬಾಮ್ ಮತ್ತು ಮೆಲಿಸ್ಸಾ ಹೈನ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1992ರಲ್ಲಿ ಇಂಥ ಹುಡುಗಿಯರ ಮುಂದೆ ಆಟಿಕೆಗಳನ್ನು ಹರಡಿ ನೋಡಿದರು. ಕಾಯಿಲೆ ಇಲ್ಲದ, ಅವರದೇ ಸಂಬಂಧಿಕರಾದ ಹುಡುಗಿಯರಿಗಿಂತ ಇವರು ಕಾರು, ಕಟ್ಟುವ ಆಟಿಕೆಗಳ ಜೊತೆ ಜಾಸ್ತಿ ಹೊತ್ತು ಆಡಿದರು.

ತಂದೆತಾಯಿ ಅವರನ್ನು ಗಂಡುಹುಡುಗರ ಥರ ನಡೆಸಿಕೊಂಡಿರಬೇಕು ಅಂತ ನಿಮಗೆ ಅನಿಸಬಹುದು. ಅದನ್ನೂ ಪರೀಕ್ಷೆ ಮಾಡಿದ್ದಾರೆ. 2005ರ ಒಂದು ಅಧ್ಯಯನದಲ್ಲಿ ಕಂಡಿದ್ದು ಉಲ್ಟಾ. ಇಂಥ ಮಗಳು ಗೊಂಬೆ ಹಿಡಿದಾಗ ತಂದೆತಾಯಿ ಬೇರೆ ಮಗಳಿಗಿಂತ ಹೆಚ್ಚಾಗಿಯೇ ಶಭಾಷ್ ಅಂದಿದ್ದರು. ಆದರೂ ಮಗಳ ಕೈ ಕಾರಿನ ಕಡೆಗೇ ಹೋಗುತ್ತಿತ್ತು.

ಇದಕ್ಕಿಂತಲೂ ನನಗೆ ಇಷ್ಟವಾದದ್ದು ಹೈನ್ಸ್ ತಂಡ 2016ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ. ಸಾಮಾನ್ಯವಾಗಿ ಮಕ್ಕಳು ಎರಡು-ಮೂರು ವರ್ಷಕ್ಕೆ ತಾವು ಹುಡುಗನೋ ಹುಡುಗಿಯೋ ಅಂತ ಹೇಳುತ್ತಾರೆ. ಆಮೇಲೆ ಒಂಥರಾ ಪತ್ತೇದಾರಿ ಶುರುವಾಗುತ್ತದೆ. ಅಮ್ಮ ಏನು ಮಾಡ್ತಾಳೆ, ಅಪ್ಪ ಏನು ಮಾಡ್ತಾನೆ, ಇದು ಯಾರದ್ದು, ಅದು ಯಾರದ್ದು ಅಂತ ನೋಡಿ ನೋಡಿ ತಮ್ಮ ಪಾಲಿನದ್ದನ್ನು ಎತ್ತಿಕೊಳ್ಳುತ್ತಾರೆ. ಯಾರೂ ಕೂರಿಸಿಕೊಂಡು ಪಾಠ ಮಾಡುವುದು ಬೇಡ. ಈ ತಂಡ ಗಂಡು-ಹೆಣ್ಣು ಅನ್ನುವ ಹಣೆಪಟ್ಟಿ ಇಲ್ಲದ ವಸ್ತುಗಳನ್ನು ಮಕ್ಕಳ ಮುಂದಿಟ್ಟಿತು. ಕೆಲವನ್ನು ತೋರಿಸಿ, ಇದು ಹುಡುಗಿಯರದ್ದು ಅಂತ ಹೇಳಿತು. ಇನ್ನು ಕೆಲವನ್ನು ಹೆಂಗಸರೇ ಆರಿಸಿಕೊಳ್ಳುವುದನ್ನು ತೋರಿಸಿತು. ಬೇರೆ ಹುಡುಗಿಯರು ಸೂಚನೆ ಹಿಡಿದು ಅದನ್ನೇ ಬಯಸಿದರು. ಸಿಎಎಚ್ ಇರುವ ಹುಡುಗಿಯರು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅವರಿಗೂ ಕಿವಿ ಕೇಳಿಸಿತ್ತು, ಅರ್ಥವೂ ಆಗಿತ್ತು. ಆದರೆ ಆ ಸೂಚನೆ ಒಳಗೆ ನಾಟಲಿಲ್ಲ.

ಇಲ್ಲೇ ನೋಡಿ ವಿಷಯ ಇರುವುದು. ಹುಟ್ಟು ಒಂದು ಕಡೆ, ಬೆಳೆಸುವುದು ಇನ್ನೊಂದು ಕಡೆ ನಿಂತು ಹಗ್ಗ ಎಳೆಯುತ್ತಿಲ್ಲ. ಸುತ್ತಲಿನ ಪಾಠದಲ್ಲಿ ಮಗು ಯಾವುದನ್ನು ಹೀರಿಕೊಳ್ಳುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಅನ್ನುವುದನ್ನೇ ಹುಟ್ಟು ಸ್ವಲ್ಪ ಬದಲಿಸುತ್ತದೆ. ಒಂದೇ ಮನೆ, ಒಂದೇ ಅಮ್ಮ, ಒಂದೇ ಥರದ ಬೈಗುಳ. ಆದರೂ ಒಂದು ಮಗು ಹೇಳಿದಂತೆ ಬದಲಾಗುತ್ತದೆ, ಇನ್ನೊಂದು ಬದಲಾಗುವುದಿಲ್ಲ. ಬದಲಾಗದ ಮಗುವಿನ ತಾಯಿಯನ್ನು ಮಾತ್ರ ಜನ ಬೆರಳು ಮಾಡಿ ತೋರಿಸುತ್ತಾರೆ.

ಒಂದು ವಿಷಯ ಗಮನದಲ್ಲಿರಲಿ. ಇಲ್ಲಿಯವರೆಗೆ ಹೇಳಿದ್ದೆಲ್ಲಾ ಹುಡುಗಿಯರ ಸಾಕ್ಷ್ಯ. ನಿಮ್ಮ ಮಗನಂಥ ಹುಡುಗರಲ್ಲಿ ಇಷ್ಟು ಸ್ಪಷ್ಟವಾದ ಹಾರ್ಮೋನಿನ ಕಥೆ ಸಿಕ್ಕಿಲ್ಲ. ಸಿಕ್ಕಿರುವುದು ಅವಳಿ ಮಕ್ಕಳ ಲೆಕ್ಕ. ನೆದರ್ಲೆಂಡ್ಸ್‌ನಲ್ಲಿ ಸಾವಿರಾರು ಅವಳಿಗಳನ್ನು 7 ಮತ್ತು 10ನೇ ವಯಸ್ಸಿನಲ್ಲಿ ಗಮನಿಸಿ 2006ರಲ್ಲಿ ಒಂದು ವರದಿ ಬಂತು. ಹುಡುಗ ಹುಡುಗಿಯಂತೆ, ಹುಡುಗಿ ಹುಡುಗನಂತೆ ನಡೆದುಕೊಳ್ಳುವ ವಿಷಯದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 70 ಪಾಲು ಆನುವಂಶಿಕ ಅಂತ ಅದು ಹೇಳಿತು. ಈ ಅಂಕಿಯನ್ನು ಹಿಡಿದು ನಿಮ್ಮ ಮಗ 70 ಪಾಲು ಜೀನಿನಿಂದ ಹೀಗೆ, 30 ಪಾಲು ನಿಮ್ಮಿಂದ ಹೀಗೆ ಅಂತ ಲೆಕ್ಕ ಹಾಕಬೇಡಿ. ಆ ಅಂಕಿ ಹೇಳುವುದು ಒಂದು ದೇಶದ ಮಕ್ಕಳ ಗುಂಪಿನ ಬಗ್ಗೆ. ಬೇರೆ ಊರು, ಬೇರೆ ಕಾಲ ಆದರೆ ಅಂಕಿಯೂ ಬೇರೆಯಾಗುತ್ತದೆ. ಒಬ್ಬ ಹುಡುಗನಿಗೆ ಅದನ್ನು ಹಂಚಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಇನ್ನೂ ಚಿಕ್ಕ, 3-4 ವರ್ಷದ ಅವಳಿಗಳನ್ನು ನೋಡಿದಾಗ ಮನೆಯ ವಾತಾವರಣದ ಪಾಲೂ ಗಟ್ಟಿಯಾಗಿಯೇ ಕಂಡಿದೆ.

ಅಕ್ಕಂದಿರ ವಿಷಯ ನೀವು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿದೆ ಅಂತ ಕಾಣುತ್ತದೆ. ಅಕ್ಕಂದಿರಿದ್ದರೆ ಏನೂ ಆಗುವುದಿಲ್ಲ ಅಂತ ನಾನು ಸುಮ್ನೆ ಸಮಾಧಾನ ಹೇಳುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 3 ವರ್ಷದ 5,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದ 2000ದ ಅಧ್ಯಯನದಲ್ಲಿ, ಅಕ್ಕಂದಿರಿರುವ ಹುಡುಗರು ಹುಡುಗಿಯರ ಆಟಗಳನ್ನು ಸ್ವಲ್ಪ ಜಾಸ್ತಿ ಆಡುತ್ತಿದ್ದರು. ಮನೆಯಲ್ಲಿ ಅಡುಗೆ ಆಟದ ಸಾಮಾನು ಇದ್ದರೆ, ಆಡಲು ಕರೆಯುವವರೂ ಇದ್ದರೆ ಯಾವ ಮಗು ತಾನೇ ಹೋಗುವುದಿಲ್ಲ? ಆದರೆ ಅದೇ ಹುಡುಗರಲ್ಲಿ ಗಂಡುಮಕ್ಕಳ ಆಟ ಕಡಿಮೆಯಾಗಿರಲಿಲ್ಲ. ಅದರ ಜೊತೆಗೆ ಇದೂ ಸೇರಿತ್ತು ಅಷ್ಟೇ. ಇಬ್ಬರು ಅಕ್ಕಂದಿರ ನಡುವೆ ಬೆಳೆದು ದಿನವಿಡೀ ಬ್ಯಾಟು ಹಿಡಿದಿರುವ ತಮ್ಮಂದಿರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ.

ಹಾಗಾದರೆ ಬೆಳೆಸುವುದರಿಂದ ಏನನ್ನು ಬದಲಿಸಬಹುದು, ಏನನ್ನು ಆಗುವುದಿಲ್ಲ? ಇದಕ್ಕೆ ಒಂದು ನೋವಿನ ಉದಾಹರಣೆ ಇದೆ. ಕೆನಡಾದ ವಿನಿಪೆಗ್‌ನಲ್ಲಿ 1965ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಮರುವರ್ಷ ಸುನ್ನತಿ ಮಾಡುವಾಗ ಆದ ಅನಾಹುತದಲ್ಲಿ ಒಬ್ಬನ ಜನನಾಂಗ ಸುಟ್ಟುಹೋಯಿತು. ಗಂಡೋ ಹೆಣ್ಣೋ ಅನ್ನುವುದು ಬೆಳೆಸುವುದರಲ್ಲಿದೆ ಅಂತ ನಂಬಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಸಲಹೆ ಮೇಲೆ ಆ ಮಗುವಿಗೆ ಆಪರೇಷನ್ ಮಾಡಿಸಿ, ಹುಡುಗಿಯ ಹೆಸರಿಟ್ಟು, ಫ್ರಾಕ್ ಹಾಕಿ ಬೆಳೆಸಿದರು. ಪ್ರಯೋಗ ಗೆದ್ದಿತು ಅಂತ ಮನಿ ವರ್ಷಗಟ್ಟಲೆ ಬರೆದರು. ಮನೆಯಲ್ಲಿ ಮಾತ್ರ ಮಗು ಆ ಫ್ರಾಕಿನೊಳಗೆ ಒಂದು ದಿನವೂ ನೆಮ್ಮದಿಯಾಗಿರಲಿಲ್ಲ. 1980ರಲ್ಲಿ ತಂದೆ ಸತ್ಯ ಹೇಳಿದಾಗ ಅವನು ಗಂಡಾಗಿ ಬದುಕುತ್ತೇನೆ ಅಂತ ಹೊರಟ, ಡೇವಿಡ್ ಅಂತ ಹೆಸರಿಟ್ಟುಕೊಂಡ. ಡೇವಿಡ್ ರೈಮರ್ 2004ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ.

ಈ ಕಥೆಯನ್ನು ಹೇಳಿ, ನೋಡಿ ಎಲ್ಲಾ ಹುಟ್ಟಿನಲ್ಲೇ ಇದೆ ಅಂತ ಮುಗಿಸುವವರೇ ಜಾಸ್ತಿ. ಅವರು ಇನ್ನೊಂದು ಪ್ರಕರಣ ಹೇಳುವುದಿಲ್ಲ. ಅದೂ ಕೆನಡಾದ್ದೇ, ಅಂಥದೇ ಅನಾಹುತ. ಈ ಮಗುವನ್ನು ಇನ್ನೂ ಬೇಗ, ಏಳು ತಿಂಗಳೊಳಗೆ ಹುಡುಗಿ ಅಂತ ನಿರ್ಧರಿಸಿ ಬೆಳೆಸಿದರು. 1998ರ ವರದಿಯ ಪ್ರಕಾರ 26ನೇ ವಯಸ್ಸಿನಲ್ಲೂ ಆಕೆ ಹೆಣ್ಣಾಗಿಯೇ ಬದುಕುತ್ತಿದ್ದರು, ತಾನು ಹೆಣ್ಣು ಅನ್ನುವುದರಲ್ಲಿ ಸಂಶಯ ಇರಲಿಲ್ಲ. ಆದರೆ ಚಿಕ್ಕಂದಿನಲ್ಲಿ ಆಡಿದ್ದೆಲ್ಲಾ ಹುಡುಗರ ಆಟ, ದೊಡ್ಡವರಾದ ಮೇಲೆ ಹಿಡಿದಿದ್ದು ಗಂಡಸರೇ ತುಂಬಿರುವ ಕೆಲಸ. ಅಂದರೆ ನಾನು ಯಾರು ಅನ್ನುವುದು ಒಂದು ದಾರಿ ಹಿಡಿದಿತ್ತು, ನನಗೇನು ಇಷ್ಟ ಅನ್ನುವುದು ಇನ್ನೊಂದು ದಾರಿ.

ನಮ್ಮ ಮನೆಗಳಲ್ಲಿ ಈ ಎರಡನ್ನೂ, ಜೊತೆಗೆ ಮೂರನೆಯದೊಂದನ್ನೂ ಸೇರಿಸಿ ಒಂದೇ ಗಂಟು ಕಟ್ಟಿಬಿಡುತ್ತಾರೆ. ಹುಡುಗ ಗೊಂಬೆ ಆಡುವುದು ಒಂದು. ತಾನು ಹುಡುಗಿಯೇ ಅಂತ ಅವನಿಗೆ ಅನಿಸುವುದು ಬೇರೆ. ಮುಂದೆ ಅವನ ಮನಸ್ಸು ಯಾರ ಮೇಲೆ ಹೋಗುತ್ತದೆ ಅನ್ನುವುದು ಮತ್ತೂ ಬೇರೆ. ಇವುಗಳ ನಡುವೆ ನಂಟಿದೆ, ಆದರೆ ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಅಂತಿಲ್ಲ.

ನಂಟು ಎಷ್ಟು ಅಂತ ಕೇಳುವ ಹಕ್ಕು ನಿಮಗಿದೆ. ಅಮೆರಿಕದಲ್ಲಿ ರಿಚರ್ಡ್ ಗ್ರೀನ್ ಎಂಬ ಮನೋವೈದ್ಯರು ಇಂಥ ಹುಡುಗರನ್ನು ಸುಮಾರು 15 ವರ್ಷ ಹಿಂಬಾಲಿಸಿ ನೋಡಿದರು. ಕೊನೆಯವರೆಗೆ ಸಿಕ್ಕ 44 ಜನರಲ್ಲಿ ಮುಕ್ಕಾಲು ಪಾಲು ದೊಡ್ಡವರಾದ ಮೇಲೆ ಗಂಡಸರನ್ನು, ಅಥವಾ ಗಂಡು-ಹೆಣ್ಣು ಇಬ್ಬರನ್ನೂ ಇಷ್ಟಪಡುವವರಾದರು. ಹೆಣ್ಣಾಗಿ ಬದುಕಬೇಕು ಅಂದವರು ಒಬ್ಬರು ಮಾತ್ರ. ಇವರೆಲ್ಲಾ ಆ ಕಾಲದಲ್ಲಿ ತಂದೆತಾಯಿ ಗಾಬರಿಯಾಗಿ ಕ್ಲಿನಿಕ್‌ಗೆ ಕರೆತಂದ ಮಕ್ಕಳು. ಹಾಗಾಗಿ ಗೊಂಬೆ ಹಿಡಿದ ಪ್ರತಿ ಹುಡುಗನಿಗೂ ಈ ಲೆಕ್ಕ ಹೊಂದುವುದಿಲ್ಲ. ನಿಮ್ಮ ಮಗ ಮುಂದೆ ಹೆಂಗಸನ್ನು ಮದುವೆಯಾಗಿ, ಮನೆಯಲ್ಲಿ ಅಡುಗೆ ತಾನೇ ಮಾಡುವ ಗಂಡಸಾಗಬಹುದು. ಗಂಡಸರನ್ನೇ ಇಷ್ಟಪಡುವ ಗೇ ಆಗಬಹುದು. ಹೆಣ್ಣಾಗಿ ಬದುಕುವ ಟ್ರಾನ್ಸ್ ಮಹಿಳೆಯೂ ಆಗಬಹುದು. 8 ವರ್ಷಕ್ಕೆ ಅದನ್ನು ಹೇಳುವ ವೈದ್ಯರಿಲ್ಲ, ಹೇಳುವವರಿದ್ದರೆ ನಂಬಬೇಡಿ.

ಮನೆ ಮತ್ತು ಊರು ಬದಲಿಸುವುದು ಹೊರಗಿನ ರೂಪವನ್ನು. ದುಪ್ಪಟ್ಟಾದ ಆಸೆಗೆ ಅಂತ ಯಾವ ಜೀನೂ ಇಲ್ಲ. ದುಪ್ಪಟ್ಟಾ ಹೆಣ್ಣಿನದ್ದು ಅಂತ ಹೇಳಿಕೊಟ್ಟಿದ್ದು ನಾವು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿದ ಮಂಜಮ್ಮ ಜೋಗತಿ ಅವರನ್ನು ಹದಿಹರೆಯದಲ್ಲಿ ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಜೋಗತಿಯ ದೀಕ್ಷೆ ಕೊಡಿಸಿದರು. ಆ ಸೀಮೆಯಲ್ಲಿ ಅಂಥ ಮಗುವಿಗೆ ಇದ್ದ ದಾರಿ ಅದು. ಬೆಂಗಳೂರಿನಲ್ಲಿ ಹುಟ್ಟಿದ್ದರೆ ಬೇರೆ ದಾರಿ ಇರುತ್ತಿತ್ತು, ಕರಾವಳಿಯಲ್ಲಾದರೆ ಯಕ್ಷಗಾನದ ಸ್ತ್ರೀವೇಷದಲ್ಲಿ ಒಂದಷ್ಟು ಜಾಗ ಸಿಗುತ್ತಿತ್ತೇನೋ. ಮನೆಯಿಂದ ದೂರಾಗಿ, ಹೊಟ್ಟೆಪಾಡಿಗೆ ಪರದಾಡಿ, ಜೋಗತಿ ನೃತ್ಯ ಕಲಿತ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಬಂತಲ್ಲ ಅಂತ ಅವರು ಪಟ್ಟ ಪಾಡು ಸರಿ ಅಂತಾಗುವುದಿಲ್ಲ. ಮನೆಯವರು ಜೊತೆಗಿದ್ದಿದ್ದರೆ ಆ ಪಾಡಿನಲ್ಲಿ ಬಹಳಷ್ಟು ತಪ್ಪುತ್ತಿತ್ತು.

ಮನೆ ಬದಲಿಸುವುದು ಇನ್ನೊಂದಿದೆ. ತನ್ನ ಬಗ್ಗೆ ಮಗು ಏನಂದುಕೊಳ್ಳುತ್ತದೆ ಅನ್ನುವುದನ್ನು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ನಿಮ್ಮ ಮಗನಂಥದೇ ಒಬ್ಬ ಐದು ವರ್ಷದ ಹುಡುಗನನ್ನು ತಿದ್ದಲು ಹೊರಟರು. ಹುಡುಗಿಯಂತೆ ಆಡಿದರೆ ಅಮ್ಮ ಮುಖ ತಿರುಗಿಸಿ ಕೂರಬೇಕು. ಮನೆಯಲ್ಲಿ ಒಳ್ಳೆಯದಕ್ಕೆ ನೀಲಿ ಬಿಲ್ಲೆ, ಕೆಟ್ಟದ್ದಕ್ಕೆ ಕೆಂಪು ಬಿಲ್ಲೆ. ಕೆಂಪು ಬಿಲ್ಲೆಗೆ ಅಪ್ಪನ ಕೈಯಿಂದ ಏಟು. ಹುಡುಗ ಗೊಂಬೆ ಬಿಟ್ಟ. ಯಶಸ್ಸು ಅಂತ 1974ರಲ್ಲಿ ಲೇಖನವೂ ಬಂತು. ಆ ಹುಡುಗ ಬೆಳೆದು ಗೇ ಆದ, 38ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ಮನೆಯವರು ಅದಕ್ಕೆ ಆ ಚಿಕಿತ್ಸೆಯನ್ನೇ ದೂರಿದರು. ಒಂದು ಸಾವಿಗೆ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಬಿಲ್ಲೆ ಕೊಟ್ಟವರು ಬದಲಿಸಿದ್ದು ಏನನ್ನು? ಹುಡುಗ ಎಲ್ಲರ ಮುಂದೆ ಏನು ತೋರಿಸುತ್ತಾನೆ ಅನ್ನುವುದನ್ನು ಮಾತ್ರ.

ಏಟು ತಿನ್ನುವುದರಲ್ಲೂ ಇಂಥ ಮಕ್ಕಳು ಮುಂದೆ. ಅಮೆರಿಕದ ಸಾವಿರಾರು ಯುವಜನರ ಮೇಲೆ ನಡೆದ 2012ರ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಗಂಡು-ಹೆಣ್ಣಿನ ಚೌಕಟ್ಟಿಗೆ ಹೊಂದದಿದ್ದವರು ಮನೆಯಲ್ಲಿ ಹಿಂಸೆ, ಲೈಂಗಿಕ ದೌರ್ಜನ್ಯ ಹೆಚ್ಚು ಅನುಭವಿಸಿದ್ದರು. ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯೂ ಅವರಲ್ಲಿ ಜಾಸ್ತಿ ಇತ್ತು. ನಿಮ್ಮ ಯಜಮಾನರ ಹಾಸ್ಟೆಲ್ ಯೋಚನೆಗೆ ನನ್ನ ಉತ್ತರ ಇದರಲ್ಲೇ ಇದೆ. ಎಂಟು ವರ್ಷದ ಮೆತ್ತಗಿನ ಹುಡುಗನನ್ನು, ಅವನನ್ನು ರೇಗಿಸುವ ವಯಸ್ಸಿನ ಹುಡುಗರ ನಡುವೆ, ರಾತ್ರಿ ಹೊತ್ತು ಅಮ್ಮನನ್ನು ಕರೆಯಲೂ ಆಗದ ಜಾಗದಲ್ಲಿ ಬಿಡಬೇಡಿ. ಇದೊಂದು ವಿಷಯದಲ್ಲಿ ದಯವಿಟ್ಟು ಗಟ್ಟಿಯಾಗಿ ನಿಲ್ಲಿ.

ಹಾರ್ಮೋನ್ ಟೆಸ್ಟ್ ಬೇಡ. ಈ ವಯಸ್ಸಿನಲ್ಲಿ ಹುಡುಗರಲ್ಲೂ ಹುಡುಗಿಯರಲ್ಲೂ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನು ಇರುವುದೇ ತೀರಾ ಸ್ವಲ್ಪ. ಅಳೆದು ನೋಡಿದರೂ ಅವನ ಆಟದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಯಾರಾದರೂ ಗಂಡು ಹಾರ್ಮೋನಿನ ಇಂಜೆಕ್ಷನ್ ಕೊಡಿಸೋಣ ಅಂದರೆ ಖಂಡಿತ ಒಪ್ಪಬೇಡಿ. ಕಾಲಕ್ಕೆ ಮೊದಲೇ ಮೀಸೆ, ಗಡಸು ದನಿ ಬರುತ್ತದೆ, ಮೂಳೆಯ ಬೆಳವಣಿಗೆ ಬೇಗ ನಿಂತು ಹುಡುಗ ಕುಳ್ಳಗೇ ಉಳಿಯಬಹುದು. ಅಡುಗೆ ಆಟ ಮಾತ್ರ ಹಾಗೇ ಇರುತ್ತದೆ! ವೃಷಣ ಇಳಿಯದಿರುವುದು, 9 ವರ್ಷಕ್ಕೆ ಮೊದಲೇ ಪ್ರಾಯದ ಲಕ್ಷಣ ಕಾಣುವುದು, ಇಂಥವಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅದು ಈ ವಿಷಯಕ್ಕೆ ಸಂಬಂಧವಿಲ್ಲದ ಬೇರೆ ಲೆಕ್ಕ.

ಅವನ ಜೊತೆ ಹೇಗಿರಬೇಕು ಅಂದರೆ, ಕ್ರಿಕೆಟ್ಟೇ ಆಗಬೇಕು ಅನ್ನುವುದನ್ನು ಬಿಡಿ. ಈಜು, ಸೈಕಲ್, ಚೆಸ್, ಡಾನ್ಸ್ ಕ್ಲಾಸ್, ಏನಾದರೂ ಆಗಲಿ. ಮೈ ದಣಿಯಬೇಕು, ಒಬ್ಬಿಬ್ಬರು ಗೆಳೆಯರಾಗಬೇಕು. ಅವರು ಹುಡುಗಿಯರೇ ಆದರೂ ಪರವಾಗಿಲ್ಲ. ದುಪ್ಪಟ್ಟಾ ಕಂಡಾಗೆಲ್ಲಾ ಬೈಯುವುದೂ ಬೇಡ, ನೆಂಟರ ಮುಂದೆ ಕುಣಿಸಿ ನಗುವುದೂ ಬೇಡ. ಹೊರಗೆ ಜನ ಏನಾದರೂ ಅನ್ನಬಹುದು ಅನಿಸಿದರೆ, ಅಲ್ಲಿ ಕೆಲವರು ರೇಗಿಸುತ್ತಾರೆ, ತಪ್ಪು ಅವರದ್ದು, ಇದನ್ನು ಮನೆಯಲ್ಲಿ ಹಾಕಿಕೋ ಅಂತ ಹೇಳಿ. ನಾಚಿಕೆ ಆಗುತ್ತೆ ಅನ್ನಬೇಡಿ. ಈ ಎರಡು ಮಾತಿಗೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕ್ಲಾಸ್ ಟೀಚರ್‌ ಹತ್ತಿರ ಮಾತಾಡುವಾಗ ಮಗ ಹೀಗೆ ಅಂತ ವಿವರಿಸಲು ಹೋಗಬೇಡಿ, ಯಾವ ಹುಡುಗರು ಏನಂತಾರೆ, ಎಲ್ಲಿ ತಳ್ಳುತ್ತಾರೆ ಅಂತ ಹೇಳಿ. ತಿದ್ದಬೇಕಾದ್ದು ಅವರನ್ನು. ಯಜಮಾನರಿಗೆ ಮಾತ್ರ ಒಂದು ಕೆಲಸ ಕೊಡಿ. ವಾರಕ್ಕೊಂದು ಸಂಜೆ ಮಗನ ಜೊತೆ, ಮಗ ಆರಿಸಿದ ಆಟ ಅವರು ಆಡಲಿ. ಅಪ್ಪನ ಜೊತೆ ಇರುವುದಕ್ಕೆ ಗಂಡುತನದ ಪರೀಕ್ಷೆ ಪಾಸಾಗಬೇಕಿಲ್ಲ ಅಂತ ಆ ಹುಡುಗನಿಗೆ ಗೊತ್ತಾಗಬೇಕು, ಅಲ್ವಾ?

ಊಟ-ನಿದ್ದೆ ಕೆಟ್ಟರೆ, ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದರೆ, ತನ್ನ ಮೈಯನ್ನೇ ದ್ವೇಷಿಸುವ ಮಾತಾಡಿದರೆ, ಸಾಯುವ ಮಾತಾಡಿದರೆ ತಡ ಮಾಡಬೇಡಿ. ನಾನು ಹುಡುಗಿಯೇ ಅಂತ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಹೇಳುತ್ತಿದ್ದರೂ ಒಮ್ಮೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ನಿಮಗೆ ಹತ್ತಿರವಾಗುವ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರು ಸಿಗುತ್ತಾರೆ. ಫೋನಿನಲ್ಲಿ ಮಾತಾಡಲು ಸರ್ಕಾರದ ಟೆಲಿ-ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಹುಡುಗಿಯಂತೆ ಆಡುವುದು, ಹುಡುಗಿಯ ಬಟ್ಟೆ ಇಷ್ಟಪಡುವುದು ಇಷ್ಟರಿಂದಲೇ ಯಾವ ರೋಗದ ಹೆಸರೂ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರಲ್ಲಿ ಜಾರಿಗೆ ಬಂದ ರೋಗಪಟ್ಟಿ ಸ್ಪಷ್ಟವಾಗಿ ಬರೆದಿದೆ. ಹಾಗಿದ್ದೂ ಯಾವುದಾದರೂ ಡಾಕ್ಟರು, ಕೌನ್ಸೆಲರ್‌ ಇವನನ್ನು ಪೂರ್ತಿ ಗಂಡಸು ಮಾಡಿಕೊಡ್ತೀನಿ, ಇಷ್ಟು ಸಿಟ್ಟಿಂಗ್ ಆಗುತ್ತೆ ಅಂದರೆ ಫೀಸು ಕೊಡದೆ ಎದ್ದು ಬನ್ನಿ. ಮದ್ರಾಸ್ ಹೈಕೋರ್ಟ್ ಆದೇಶದ ನಂತರ, ಇಂಥ 'ಪರಿವರ್ತನೆ ಚಿಕಿತ್ಸೆ' ಮಾಡುವುದು ವೈದ್ಯ ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟ್‌ನಲ್ಲಿ ಎಲ್ಲಾ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆದಿದೆ. ಡಾಕ್ಟರೇ ಹಾಗೆ ಮಾಡಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ನೀವು ದೂರು ಕೊಡಬಹುದು.